ಉಗಿ ಆನೆಯ ಒಲೆಗೆ ಸೌದೆ ಹಾಕೋರು ಯಾರು?

ಇವತ್ತು ಒಂದು ಆನೆ ಕಥೆ. ಮಾಮೂಲಿ ಆನೆ ಅಲ್ಲ, ಉಕ್ಕಿನದು. ಹೊಟ್ಟೆಯಲ್ಲಿ ಬಾಯ್ಲರ್, ಸೊಂಡಿಲಲ್ಲಿ ಹೊಗೆ. ಹಿಂದೆ ಚಕ್ರ ಕಟ್ಟಿದ ಎರಡು ಮನೆಗಳನ್ನ ಎಳ್ಕೊಂಡು ಕಲ್ಕತ್ತಾದಿಂದ ಹಿಮಾಲಯದ ಕಡೆ ಹೊರಡುತ್ತೆ.

ಇದು ಹೊಸ ಗೇಮ್ ಏನಲ್ಲ. ಫ್ರೆಂಚ್ ಲೇಖಕ ಜೂಲ್ಸ್ ವರ್ನ್ 1880ರಲ್ಲಿ ತಂದ ಕಾದಂಬರಿ, ಇಂಗ್ಲಿಷಿನಲ್ಲಿ ‘ದ ಸ್ಟೀಮ್ ಹೌಸ್’. ಲಿಯಾನ್ ಬೆನೆಟ್ ಅನ್ನೋರು ಬರೆದ ಚಿತ್ರಗಳೂ ಇವೆ. ಕಥೆ ನಡೆಯೋದು 1867ರಲ್ಲಿ, ಸಿಪಾಯಿ ದಂಗೆ ಆಗಿ ಹತ್ತು ವರ್ಷಕ್ಕೆ. ನಾವು ಇವತ್ತು ಸ್ಟೀಮ್‌ಪಂಕ್ ಅಂತೀವಲ್ಲ, ಆ ಹೆಸರು ಹುಟ್ಟೋಕೆ ನೂರು ವರ್ಷ ಮೊದಲೇ ಬಂದಿದ್ದು.

ನಗೋಕೆ ಸಿಕ್ಕಾಪಟ್ಟೆ ಇದೆ. ಒಬ್ಬ ಕ್ಯಾಪ್ಟನ್, ಐವತ್ತನೇ ಹುಲಿ ಹೊಡೀಬೇಕು ಅಂತ ಲೆಕ್ಕ ಹಾಕ್ತಾ ಒದ್ದಾಡ್ತಿರ್ತಾನೆ. ಒಬ್ಬ ರಾಜಕುಮಾರ ಜಂಬದಿಂದ ತನ್ನ ಮೂರು ನಿಜವಾದ ಆನೆಗಳನ್ನ ಉಕ್ಕಿನ ಆನೆಗೆ ಎದುರು ನಿಲ್ಲಿಸಿ ಹಗ್ಗಜಗ್ಗಾಟ ಆಡಿಸ್ತಾನೆ. ಗೆಲ್ಲೋದು ಯಾರು ಅಂತ ಹೇಳಬೇಕಾ?

ಆದ್ರೆ ನನ್ನನ್ನ ತಡೆದು ನಿಲ್ಲಿಸಿದ್ದು ಬೇರೆ ವಿಷಯ. ಆನೆಯನ್ನ ಓಡಿಸೋ ಡ್ರೈವರ್ ಇಂಗ್ಲಿಷಿನವನು. ಬೆಂಕಿ ಮುಂದೆ ನಿಂತು ಒಲೆಗೆ ಸೌದೆ, ಇದ್ದಲು ಹಾಕೋನು ಇಲ್ಲಿಯವನು, ಹೆಸರು ಕಾಲೂಥ್. ಊರೆಲ್ಲ ಸುತ್ತೋ ಕಥೆ, ಅವನ ತಲೆಯಲ್ಲಿ ಏನು ಓಡ್ತಿತ್ತು ಅಂತ ಮಾತ್ರ ನಮಗೆ ತಿಳಿಯಲ್ಲ. ಬಿಳಿ ಜನ ವರಾಂಡದಲ್ಲಿ ಕೂತು ಭಾರತ ನೋಡ್ತಾರೆ. ಭಾರತ ಒಲೆ ಹತ್ರ ಬೆವರು ಸುರಿಸ್ತಿರುತ್ತೆ.

ನಾನೂ ನನ್ನ ಗೆಳತಿಯೂ ಸೇರಿ ಒಂದು ಚಿತ್ರ ಕಾದಂಬರಿ ಮಾಡ್ತಿದ್ದೀವಿ. ಮಾತು ನನ್ನದು, ಗೆರೆ ಅವಳದು. ಊರು ಶ್ರವಣಬೆಳಗೊಳ. ಉಗಿಬಂಡಿ ಕಾಲದಲ್ಲಿ ಮೈಸೂರಿಂದ ಹೊಳೆನರಸೀಪುರದ ಮೇಲೆ ಹಾಸನಕ್ಕೆ ರೈಲು ಓಡ್ತಿತ್ತು. ಬೆಂಗಳೂರಿಂದ ಕುಣಿಗಲ್ ಮೇಲೆ ಬೆಳಗೊಳಕ್ಕೆ ರೈಲು ಬಂದದ್ದು 2017ರಲ್ಲಿ. ಅಷ್ಟೊತ್ತಿಗೆ ಉಗಿಯ ಕಾಲ ಮುಗಿದು ಎಷ್ಟೋ ವರ್ಷ ಆಗಿತ್ತು. ಸಿಗದೇ ಹೋದ ಉಗಿಯನ್ನ ನಾವೇ ಬರ್ಕೊಳ್ಳೋಣ ಅಂತ ಶುರು ಮಾಡಿದ್ವಿ.

ಲಂಡನ್ನಿನ ಟೋಪಿ, ಗೇರು, ಕನ್ನಡಕ ಎಲ್ಲ ಕಡ ತರೋ ಅಗತ್ಯಾನೂ ಇಲ್ಲ. ಯಂತ್ರದ ಆನೆ ನಮ್ಮಲ್ಲಿ ಮೊದಲೇ ಇದೆ. ವೀಣೆ ನುಡಿಸಿ ಆನೆ ಹಿಡಿಯೋ ಉದಯನ ರಾಜನನ್ನ ಸೆರೆ ಹಿಡಿಯೋಕೆ ಉಜ್ಜಯಿನಿಯ ರಾಜ ಕೃತಕ ಆನೆ ಮಾಡಿಸಿ, ಒಳಗೆ ಸೈನಿಕರನ್ನ ತುಂಬಿ ಕಾಡಿಗೆ ಬಿಡ್ತಾನೆ. ಬೃಹತ್ಕಥೆಯ ಸಾಲಿನಲ್ಲಿ ಬಂದ ಕಥೆ ಇದು. ಆ ಬೃಹತ್ಕಥೆಯನ್ನ ಗಂಗರ ದೊರೆ ದುರ್ವಿನೀತ ಸಂಸ್ಕೃತಕ್ಕೆ ತಂದ ಅಂತ ಶಾಸನ ಹೇಳುತ್ತೆ. ಗೊಮ್ಮಟನನ್ನ ಕೆತ್ತಿಸಿದ ಚಾವುಂಡರಾಯ ಅದೇ ಗಂಗರ ಮಂತ್ರಿ. ಅಂದ್ರೆ ಯಂತ್ರದ ಆನೆ ನಮ್ಮ ಬೆಟ್ಟಕ್ಕೆ ದೂರದ ನೆಂಟ. (ಗೆಳತಿ ಇದನ್ನ ಕೇಳಿ ‘ಬಾದರಾಯಣ ಸಂಬಂಧ’ ಅಂದಳು. ಇರ್ಲಿ.)

ನಮ್ಮ ಕಥೆ ಹೀಗೆ. ವಿಂಧ್ಯಗಿರಿ ಹತ್ತೋಕೆ ಆರುನೂರಕ್ಕೂ ಹೆಚ್ಚು ಮೆಟ್ಟಿಲು, ಅದೂ ಬರಿಗಾಲಲ್ಲಿ. ಆಗದವರನ್ನ ಡೋಲಿಯಲ್ಲಿ ಹೊತ್ಕೊಂಡು ಹೋಗ್ತಾರೆ. ಒಬ್ಬ ಇಂಜಿನಿಯರ್ ಹುಡುಗಿ ಮೆಟ್ಟಿಲು ಹತ್ತೋ ಉಗಿ ಆನೆ ಮಾಡ್ತಾಳೆ. ಅವಳ ಅಪ್ಪ ಡೋಲಿ ಹೊರೋನು, ಭುಜ ಕಾಯಿಗಟ್ಟಿದೆ. ಆ ನೋವು ತಪ್ಪಿಸೋಕೇ ಅವಳು ಯಂತ್ರ ಕಟ್ಟಿದ್ದು. ಯಂತ್ರ ಗೆದ್ರೆ ಅಪ್ಪನ ಕೂಲಿ ಹೋಗುತ್ತೆ. ಜೊತೆಗೆ ಬಾಯ್ಲರಿಗೆ ನೀರು ಬೇಕು. ಊರಲ್ಲಿ ಅಷ್ಟು ನೀರಿರೋದು ಎರಡು ಬೆಟ್ಟದ ನಡುವಿನ ಕೊಳದಲ್ಲಿ. ಬೆಳಗೊಳ ಅನ್ನೋ ಹೆಸರೇ ಆ ಬಿಳಿಯ ಕೊಳದಿಂದ ಬಂದದ್ದು. ಕೊಳ ಬತ್ತಿದ್ರೆ ಊರಿನ ಹೆಸರಿಗೇನು ಅರ್ಥ?

ಡೋಲಿಯಲ್ಲಿ ಒಬ್ಬರು ಅಜ್ಜಿ ಕೂತಿದ್ದಾರೆ. ನನಗೆ ತುಂಬಾ ಇಷ್ಟದ ಪಾತ್ರ. ಅವರು ಹುಡುಗಿಗೆ ಹೇಳ್ತಾರೆ: “ನಿನ್ ಆನೆಗೂ ನೀರ್ ಬೇಕು, ನಿಮ್ಮಪ್ಪಂಗೂ ನೀರ್ ಬೇಕು ಕಣವ್ವ. ನಿಮ್ಮಪ್ಪ ಬಾಯ್ಬಿಟ್ಟು ಕೇಳ್ತಾನೆ. ಇದು ಕೇಳಾಕಿಲ್ಲ, ಸಿಡೀತದೆ.”

ಸಿಡಿಯುತ್ತಾ? ಇನ್ನೂ ಬರೆದಿಲ್ಲ. ಅರ್ಧ ಮೆಟ್ಟಿಲಿಗೆ ಆನೆ ನಿಂತಿದೆ, ಒಲೆ ಆರ್ತಾ ಇದೆ. ಸೌದೆ ಹಿಡ್ಕೊಂಡು ಒಲೆ ಮುಂದೆ ನಿಂತಿರೋನು ಅಪ್ಪ. ವರ್ನ್ ಕಾಲೂಥ್‌ಗೆ ಕೊಡದ ಮಾತನ್ನ ಇವನಿಗೆ ಕೊಡಬೇಕು. ಅದಕ್ಕೆ ಅಂತ ಒಂದು ಇಡೀ ಪುಟ ಖಾಲಿ ಬಿಟ್ಟಿದ್ದೀವಿ.