ಮಲಗಿದ ಲ್ಯಾಪ್‌ಟಾಪ್ ಏಳದಿದ್ದರೆ ಏನು ಮಾಡಬೇಕು?

(ಸಂಘದ ವಾರ್ಷಿಕ ಸಮಾರಂಭದಲ್ಲಿ ವಿದ್ಯಾರ್ಥಿಗಳಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ)

 

ಭಾಷೆ ಕಲಿಸುವವರಿಗೆ ಕಂಪ್ಯೂಟರಿನ ಉಸಾಬರಿ ಏಕೆ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಬಲದಿಂದ ಎಡಕ್ಕೆ ಉರ್ದು, ಎಡದಿಂದ ಬಲಕ್ಕೆ ಕನ್ನಡ, ಎರಡನ್ನೂ ಒಂದೇ ಯಂತ್ರದಲ್ಲಿ ಟೈಪ್ ಮಾಡುವ ಕೆಲಸ ನನ್ನದು. ಅದಕ್ಕಾಗಿ ಲಿನಕ್ಸ್ ಬಳಸುತ್ತೇನೆ. ನಿಮ್ಮಲ್ಲಿಯೂ ಹಲವರು ಹಳೆಯ ಲ್ಯಾಪ್‌ಟಾಪ್ ಕೊಂಡು, ಹಣ ಕೊಡಬೇಕಿಲ್ಲ ಎಂಬ ಕಾರಣಕ್ಕೆ ಲಿನಕ್ಸ್ ಹಾಕಿಕೊಂಡಿದ್ದೀರಿ. ಬಹಳ ಒಳ್ಳೆಯದು. ಆದರೆ ನಿಮ್ಮಿಂದ ನಾನು ಹೆಚ್ಚಾಗಿ ಕೇಳುವ ದೂರು ಒಂದೇ: "ಮುಚ್ಚಳ ಮುಚ್ಚಿದೆ, ತೆರೆದಾಗ ಪರದೆ ಕಪ್ಪಾಗಿತ್ತು, ಬರೆದದ್ದೆಲ್ಲ ಹೋಯಿತು." ಇದಕ್ಕೆ ಹೆದರಿ ಕೆಲವರು ಹೊಸ ಬ್ಯಾಟರಿಗೆ ಹಣ ಸುರಿಯುತ್ತಾರೆ. ಕೆಲವರು ಎಲ್ಲವನ್ನೂ ಅಳಿಸಿ ಮತ್ತೆ ಇನ್‌ಸ್ಟಾಲ್ ಮಾಡಿ, ಉಳಿದಿದ್ದ ಕಡತಗಳನ್ನೂ ಕಳೆದುಕೊಳ್ಳುತ್ತಾರೆ. ಬಹಳ ಸಲ ಇವೆರಡೂ ಬೇಕಾಗಿರುವುದಿಲ್ಲ. ತೊಂದರೆ ಯಾವ ಹಂತದಲ್ಲಿ ಆಗುತ್ತಿದೆ ಎಂದು ಗುರುತಿಸಿದರೆ ಅರ್ಧ ಕೆಲಸ ಮುಗಿದಂತೆ. ಈ ದಿನ ನಾನು ಹೇಳಬೇಕೆಂದಿರುವುದು ಇಷ್ಟೇ.

ಮೊದಲು ನಿದ್ರೆಯ ಎರಡು ಬಗೆಗಳನ್ನು ತಿಳಿಯೋಣ. ಕಂಪ್ಯೂಟರಿನ ರ್‍ಯಾಮ್ ಎಂಬ ನೆನಪನ್ನು ತರಗತಿಯ ಕಪ್ಪು ಹಲಗೆ ಎಂದುಕೊಳ್ಳಿ. ವಿದ್ಯುತ್ ನಿಂತರೆ ಈ ಹಲಗೆಯ ಮೇಲಿನ ಬರಹ ತಾನಾಗಿಯೇ ಅಳಿಸಿಹೋಗುತ್ತದೆ. ಸಸ್ಪೆಂಡ್ ಎಂದರೆ, ಪಾಠವನ್ನು ಅರ್ಧಕ್ಕೆ ನಿಲ್ಲಿಸಿ, ಹಲಗೆಯನ್ನು ಅಳಿಸದೆ ಊಟಕ್ಕೆ ಹೋಗುವುದು. ಹಲಗೆಗೆ ಮಾತ್ರ ಸ್ವಲ್ಪ ವಿದ್ಯುತ್ ಹರಿಯುತ್ತಿರುತ್ತದೆ. ಉಳಿದ ಭಾಗಗಳೆಲ್ಲ ಮಲಗುತ್ತವೆ. ಹೈಬರ್ನೇಟ್ ಎಂದರೆ, ಹಲಗೆಯಲ್ಲಿದ್ದುದನ್ನೆಲ್ಲ ನೋಟ್‌ಬುಕ್‌ಗೆ ಇಳಿಸಿಕೊಂಡು, ಕೋಣೆಗೆ ಬೀಗ ಹಾಕಿ, ವಿದ್ಯುತ್ತನ್ನೂ ತೆಗೆದುಬಿಡುವುದು. ಮರುದಿನ ನೋಟ್‌ಬುಕ್ ನೋಡಿ ಹಲಗೆಯ ಮೇಲೆ ಹಾಗೆಯೇ ಮತ್ತೆ ಬರೆಯಲಾಗುತ್ತದೆ. ಈ ನೋಟ್‌ಬುಕ್ಕೇ ಹಾರ್ಡ್‌ಡಿಸ್ಕಿನಲ್ಲಿರುವ ಸ್ವಾಪ್ ಎಂಬ ಜಾಗ.

ಈ ನಿದ್ರೆಗಳಿಗೆ ನಿಯಮ ರೂಪಿಸಿದ್ದು ಎಸಿಪಿಐ ಎಂಬ ಮಾನದಂಡ. ಇಂಟೆಲ್, ಮೈಕ್ರೋಸಾಫ್ಟ್ ಮತ್ತು ತೋಶಿಬಾ ಕಂಪನಿಗಳು ಸೇರಿ 1996ರಲ್ಲಿ ಇದನ್ನು ಹೊರತಂದವು. ಇದರ ಪ್ರಕಾರ ರ್‍ಯಾಮ್‌ನಲ್ಲಿ ಮಲಗುವ ಸ್ಥಿತಿ ಎಸ್3, ಡಿಸ್ಕಿಗೆ ಬರೆದು ಮಲಗುವ ಸ್ಥಿತಿ ಎಸ್4. ಈಚಿನ ಲ್ಯಾಪ್‌ಟಾಪ್‌ಗಳಲ್ಲಿ ಎಸ್3ರ ಬದಲು ಎಸ್2ಐಡಲ್ ಎಂಬ ಇನ್ನೊಂದು ಬಗೆ ಬಂದಿದೆ. ಇದು ಕಣ್ಣು ಮುಚ್ಚಿ ಕೂತಂತೆ. ಬೇಗ ಏಳುತ್ತದೆ, ಆದರೆ ಒಳಗಿನ ಒಂದು ಭಾಗ ಮಲಗದೆ ಎಚ್ಚರವಿದ್ದರೂ ಬ್ಯಾಟರಿ ಕರಗುತ್ತದೆ.

ಈಗ ಪರೀಕ್ಷೆಗೆ ಬರೋಣ. ಮೊಟ್ಟಮೊದಲು ಎಲ್ಲ ಕಡತಗಳನ್ನೂ ಉಳಿಸಿ, ಮುಖ್ಯವಾದುದನ್ನು ಪೆನ್‌ಡ್ರೈವ್‌ಗೆ ನಕಲು ಮಾಡಿಕೊಳ್ಳಿ. ನಂತರ ಮುಚ್ಚಳ ಮುಚ್ಚದೆ, ಮೆನುವಿನಿಂದಲೇ ಸಸ್ಪೆಂಡ್ ಮಾಡಿ. ಮೆನುವಿನಿಂದ ಸರಿಯಾಗಿ ಮಲಗಿ ಎದ್ದು, ಮುಚ್ಚಳ ಮುಚ್ಚಿದಾಗ ಮಾತ್ರ ಮಲಗದಿದ್ದರೆ ದೋಷ ನಿದ್ರೆಯದಲ್ಲ. ಮುಚ್ಚಳ ಮುಚ್ಚಿದಾಗ ಏನು ಮಾಡಬೇಕೆಂಬ ಸೆಟ್ಟಿಂಗ್‌ನದು. ಮೆನುವಿನಿಂದಲೂ ತೊಂದರೆಯಾದರೆ ಮೂರು ಪ್ರಶ್ನೆ ಕೇಳಿಕೊಳ್ಳಿ. ಮಲಗಲೇ ಇಲ್ಲವೇ? ಮಲಗಿ ತಾನೇ ಎದ್ದಿತೇ? ಅಥವಾ ಮಲಗಿದ್ದು ಏಳಲಿಲ್ಲವೇ?

ಮಲಗಲೇ ಇಲ್ಲ ಎಂದಾದರೆ, ಯಾವುದೋ ಕಾರ್ಯಕ್ರಮ ಅಥವಾ ಸಾಧನ ಒಪ್ಪುತ್ತಿಲ್ಲ ಎಂದರ್ಥ. ಮಲಗುವ ಮುನ್ನ ಲಿನಕ್ಸ್ ಎಲ್ಲ ಕಾರ್ಯಕ್ರಮಗಳನ್ನೂ ಸ್ತಬ್ಧಗೊಳಿಸುತ್ತದೆ. 20 ಸೆಕೆಂಡಿನೊಳಗೆ ಅದು ಆಗದಿದ್ದರೆ ಪ್ರಯತ್ನವನ್ನೇ ಕೈಬಿಡುತ್ತದೆ. ಸಂಪರ್ಕ ಕಡಿದುಹೋದ ನೆಟ್‌ವರ್ಕ್ ಫೋಲ್ಡರ್ ಇದಕ್ಕೆ ಒಂದು ಕಾರಣ. ಹೀಗೆ ಮಲಗದ ಯಂತ್ರವನ್ನು ಚೀಲಕ್ಕೆ ಹಾಕಿದರೆ ಒಳಗೇ ಕಾದು ಬಿಸಿಯಾಗುತ್ತದೆ. ಆದ್ದರಿಂದ ಫ್ಯಾನಿನ ಸದ್ದು ನಿಂತಿತೇ ಎಂದು ಕೇಳಿಸಿಕೊಂಡೇ ಚೀಲಕ್ಕೆ ಹಾಕಿ.

ಮಲಗಿದ ಕೂಡಲೇ ಎದ್ದರೆ, ಯುಎಸ್‌ಬಿ ಮೌಸ್, ಪೆನ್‌ಡ್ರೈವ್ ಮೊದಲಾದುವನ್ನೆಲ್ಲ ತೆಗೆದು ಮತ್ತೆ ನೋಡಿ. ಯಾವ ಸಾಧನಗಳಿಗೆ ಯಂತ್ರವನ್ನು ಎಬ್ಬಿಸುವ ಅಧಿಕಾರವಿದೆ ಎಂಬ ಪಟ್ಟಿ, ಪ್ರಾಕ್ ಎಂಬ ಫೋಲ್ಡರಿನ ಎಸಿಪಿಐ ಒಳಗೆ ವೇಕಪ್ ಎಂಬ ಕಡತದಲ್ಲಿದೆ. ಮಲಗಿದ್ದಾಗ ಬ್ಯಾಟರಿ ಬೇಗ ಖಾಲಿಯಾಗುತ್ತಿದ್ದರೆ, ಸಿಸ್ ಫೋಲ್ಡರಿನ ಪವರ್ ಒಳಗಿರುವ ಮೆಮ್‌ಸ್ಲೀಪ್ ಕಡತವನ್ನು ಓದಿ. ಆ ಹೆಸರಿನ ನಡುವೆ ಒಂದು ಅಡಿಗೆರೆಯಿದೆ, ಎಲ್ಲವನ್ನೂ ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಬೇಕು ಎಂಬುದು ನೆನಪಿರಲಿ. ಅದರಲ್ಲಿ ಎಸ್2ಐಡಲ್ ಮತ್ತು ಡೀಪ್ ಎಂಬ ಎರಡು ಪದಗಳಿದ್ದರೆ, ಚೌಕ ಆವರಣದೊಳಗಿರುವುದು ಈಗ ಬಳಕೆಯಲ್ಲಿರುವುದು. ಡೀಪ್ ಎಂದರೆ ಎಸ್3. ಡೀಪ್ ಆವರಣದ ಹೊರಗಿದ್ದರೆ ಅದನ್ನು ಆರಿಸಿ ನೋಡಬಹುದು. ಆ ಪದವೇ ಇಲ್ಲದಿದ್ದರೆ ಯಂತ್ರದ ಬಯೋಸ್ ಅದನ್ನು ಕೊಡುತ್ತಿಲ್ಲ. 2018ರ ಥಿಂಕ್‌ಪ್ಯಾಡ್ ಎಕ್ಸ್1 ಕಾರ್ಬನ್‌ನ 6ನೇ ಪೀಳಿಗೆ ಮೊದಲು ಎಸ್3 ಇಲ್ಲದೆ ಬಂದಿತ್ತು. ನಂತರ ಲೆನೊವೊ ಬಯೋಸ್ ಅಪ್‌ಡೇಟ್ ಮೂಲಕ ಆ ಆಯ್ಕೆಯನ್ನು ಕೊಟ್ಟಿತು. ಆದ್ದರಿಂದ ಹೊಸ ಬ್ಯಾಟರಿ ಕೊಳ್ಳುವ ಮೊದಲು ಬಯೋಸ್ ನೋಡಿ.

ಇನ್ನು ಏಳದ ಯಂತ್ರ. ಪರದೆ ಕಪ್ಪಾಗಿದ್ದರೆ ಗಾಬರಿಯಾಗಿ ಪವರ್ ಬಟನ್ ಒತ್ತಿ ಹಿಡಿಯಬೇಡಿ. ಮೊದಲು ಕ್ಯಾಪ್ಸ್‌ಲಾಕ್ ಒತ್ತಿ. ಅದರ ದೀಪ ಹತ್ತಿ ಆರುತ್ತಿದ್ದರೆ ಯಂತ್ರ ಎದ್ದಿದೆ, ಪರದೆ ಮಾತ್ರ ಎದ್ದಿಲ್ಲ. ಆಗ ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿದರೆ ಬರಿಯ ಅಕ್ಷರಗಳ ಪರದೆ ಬರಬಹುದು. ಅಲ್ಲಿಂದ ಲಾಗಿನ್ ಆಗಿ ಕ್ರಮವಾಗಿ ರೀಬೂಟ್ ಮಾಡಬಹುದು. ಇಂಥ ತೊಂದರೆಯಲ್ಲಿ ಮೊದಲು ಅನುಮಾನಿಸಬೇಕಾದ್ದು ಗ್ರಾಫಿಕ್ಸ್ ಡ್ರೈವರನ್ನು. ಅಪ್‌ಡೇಟ್ ಆದ ನಂತರವೇ ಶುರುವಾಗಿದ್ದರೆ, ಬೂಟ್ ಮೆನುವಿನ ಅಡ್ವಾನ್ಸ್‌ಡ್ ಆಯ್ಕೆಯಿಂದ ಹಿಂದಿನ ಕರ್ನಲ್ ಆರಿಸಿ ನೋಡಿ. ಅದರಲ್ಲಿ ಸರಿಯಿದ್ದರೆ ನಿಮ್ಮ ಲ್ಯಾಪ್‌ಟಾಪ್ ಕೆಟ್ಟಿಲ್ಲ.

ದೀಪವೂ ಸ್ಪಂದಿಸದಿದ್ದರೆ ಬಟನ್ ಒತ್ತಿ ಹಿಡಿಯದೆ ಬೇರೆ ದಾರಿಯಿಲ್ಲ. ಮತ್ತೆ ಶುರುವಾದ ಮೇಲೆ ಹಿಂದಿನ ಬಾರಿಯ ದಿನಚರಿಯನ್ನು ಓದಬೇಕು. ಜರ್ನಲ್‌ಸಿಟಿಎಲ್ ಎಂಬ ಆದೇಶಕ್ಕೆ ಮೈನಸ್ ಬಿ, ಮೈನಸ್ 1 ಎಂದು ಸೇರಿಸಿದರೆ ಅದು ಸಿಗುತ್ತದೆ. ಅದರ ಕೊನೆಯಲ್ಲಿ ಸಸ್ಪೆಂಡ್ ಎಂಟ್ರಿ ಎಂಬ ಸಾಲು ಇದ್ದು, ಸಸ್ಪೆಂಡ್ ಎಕ್ಸಿಟ್ ಎಂಬ ಸಾಲು ಇಲ್ಲದಿದ್ದರೆ, ಯಂತ್ರ ಇವೆರಡರ ನಡುವೆ ಸಿಕ್ಕಿಹಾಕಿಕೊಂಡಿದೆ. ಎಲ್ಲಿ ಎಂದು ತಿಳಿಯಲು ಕರ್ನಲ್ಲಿನಲ್ಲಿಯೇ ಪಿಎಂ ಟೆಸ್ಟ್ ಎಂಬ ಪರೀಕ್ಷೆಯಿದೆ. ಫ್ರೀಜರ್, ಡಿವೈಸಸ್, ಪ್ಲಾಟ್‌ಫಾರ್ಮ್, ಪ್ರೊಸೆಸರ್ಸ್, ಕೋರ್ ಎಂಬ ಐದು ಮೆಟ್ಟಿಲುಗಳಲ್ಲಿ ನೀವು ಹೇಳಿದ ಮೆಟ್ಟಿಲಿನವರೆಗೆ ಮಾತ್ರ ಇಳಿದು, 5 ಸೆಕೆಂಡು ನಿಂತು, ಮರಳಿ ಬರುತ್ತದೆ. ಯಾವ ಮೆಟ್ಟಿಲಿನಲ್ಲಿ ಎಡವುತ್ತದೆಯೋ ದೋಷ ಅಲ್ಲಿದೆ.

ಹೈಬರ್ನೇಟ್ ವಿಷಯ ಬೇರೆ. ಉಬುಂಟು 2012ರ 12.04 ಆವೃತ್ತಿಯಿಂದಲೇ ಈ ಆಯ್ಕೆಯನ್ನು ಮೆನುವಿನಿಂದ ತೆಗೆದಿದೆ. ಆದ್ದರಿಂದ ಮೆನುವಿನಲ್ಲಿ ಕಾಣದಿದ್ದರೆ ಅದು ನಿಮ್ಮ ಯಂತ್ರದ ದೋಷವಲ್ಲ. ಅದನ್ನು ಬಳಸಬೇಕಾದರೆ ಮೂರು ಸಂಗತಿ ಸರಿಯಿರಬೇಕು. ಒಂದು, ನೋಟ್‌ಬುಕ್ಕಿನಲ್ಲಿ ಸಾಕಷ್ಟು ಹಾಳೆ. ಸ್ವಾಪ್ ನಿಮ್ಮ ರ್‍ಯಾಮ್‌ಗಿಂತ ತುಸು ಹೆಚ್ಚಿದ್ದರೆ ನಿಶ್ಚಿಂತೆ. ಫೆಡೋರಾ 2020ರ 33ನೇ ಆವೃತ್ತಿಯಿಂದ ರ್‍ಯಾಮ್‌ನೊಳಗೇ ಸ್ವಾಪ್ ಇಡುತ್ತದೆ. ವಿದ್ಯುತ್ ಹೋದರೆ ಅದೂ ಹೋಗುವುದರಿಂದ ಹೈಬರ್ನೇಟ್‌ಗೆ ಉಪಯೋಗವಿಲ್ಲ. ಎರಡು, ನೋಟ್‌ಬುಕ್ ಎಲ್ಲಿದೆ ಎಂಬ ವಿಳಾಸ. ಇದನ್ನು ಬೂಟ್ ಸಾಲಿನಲ್ಲಿ ರಿಸ್ಯೂಮ್ ಎಂಬ ಪದದೊಂದಿಗೆ ಕೊಡಬೇಕು. ಸ್ವಾಪ್ ಪ್ರತ್ಯೇಕ ಪಾರ್ಟಿಷನ್ ಆಗಿರದೆ ಒಂದು ಕಡತವಾಗಿದ್ದರೆ, ಅದು ಡಿಸ್ಕಿನ ಯಾವ ಜಾಗದಲ್ಲಿ ಶುರುವಾಗುತ್ತದೆ ಎಂಬ ಸಂಖ್ಯೆಯೂ ಬೇಕು. ಮೂರು, ಸೆಕ್ಯೂರ್ ಬೂಟ್. ಅದು ಆನ್ ಆಗಿದ್ದರೆ ಅನೇಕ ಲಿನಕ್ಸ್‌ಗಳಲ್ಲಿ ಕರ್ನಲ್ಲೇ ಹೈಬರ್ನೇಟನ್ನು ತಡೆಯುತ್ತದೆ.

ವಿಳಾಸದ ಮಹತ್ವಕ್ಕೆ ಒಂದು ಉದಾಹರಣೆ. ಬಿಕಾಂ ಓದುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನ ಲ್ಯಾಪ್‌ಟಾಪ್ ಹೈಬರ್ನೇಟ್ ಆಗಿ, ತೆರೆದಾಗಲೆಲ್ಲ ಏನೂ ನಡೆದಿಲ್ಲವೆಂಬಂತೆ ಹೊಸದಾಗಿ ಶುರುವಾಗುತ್ತಿತ್ತು. ಪ್ರಾಜೆಕ್ಟಿನ ಪುಟಗಳು ಎರಡು ಸಲ ಹೋದವು. ಮದರ್‌ಬೋರ್ಡ್ ಬದಲಿಸಬೇಕು ಎಂದು ಯಾರೋ ಹೇಳಿದ್ದರಂತೆ. ಬಂದಾಗ ನಾನು ಕೇಳಿದ ಪ್ರಶ್ನೆ, "ಇದಕ್ಕೆ ಮುಂಚೆ ಏನು ಬದಲಾಯಿಸಿದೆಯಪ್ಪಾ?" ಪಕ್ಕದಲ್ಲಿ ಇನ್ನೊಂದು ಲಿನಕ್ಸ್ ಹಾಕಿದ್ದ. ಆ ಇನ್‌ಸ್ಟಾಲ್ ಸ್ವಾಪನ್ನು ಹೊಸದಾಗಿ ಫಾರ್ಮ್ಯಾಟ್ ಮಾಡಿದ್ದರಿಂದ ಅದರ ಗುರುತಿನ ಸಂಖ್ಯೆ ಬದಲಾಗಿತ್ತು. ಹಳೆಯ ಲಿನಕ್ಸ್ ಹಳೆಯ ವಿಳಾಸದಲ್ಲೇ ನೋಟ್‌ಬುಕ್ ಹುಡುಕುತ್ತಿತ್ತು. ಸಂಖ್ಯೆ ತಿದ್ದಿ ಬೂಟ್ ಕಡತಗಳನ್ನು ನವೀಕರಿಸಿದ ಮೇಲೆ ಸರಿಹೋಯಿತು. ಒಂದು ಪೈಸೆ ಖರ್ಚಾಗಲಿಲ್ಲ.

ಒಂದು ಎಚ್ಚರಿಕೆಯನ್ನು ಮಾತ್ರ ಮರೆಯಬೇಡಿ. ಒಂದೇ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಮತ್ತು ಲಿನಕ್ಸ್ ಎರಡೂ ಇದ್ದರೆ, ಒಂದನ್ನು ಹೈಬರ್ನೇಟ್ ಮಾಡಿ, ಇನ್ನೊಂದರಿಂದ ಅದರ ಡ್ರೈವ್‌ಗೆ ಬರೆಯಬಾರದು. ಮಲಗಿದ್ದ ವ್ಯವಸ್ಥೆ ಎದ್ದಾಗ ತನ್ನ ಹಳೆಯ ಲೆಕ್ಕವನ್ನೇ ನಂಬಿ ಮುಂದುವರಿಯುವುದರಿಂದ ಕಡತಗಳು ಕೆಡುತ್ತವೆ. ವಿಂಡೋಸ್ 8ರಿಂದ ಬಂದ ಫಾಸ್ಟ್ ಸ್ಟಾರ್ಟಪ್ ಸಹ ಅರೆ ಹೈಬರ್ನೇಟ್. ಅದಿದ್ದಾಗ ಶಟ್‌ಡೌನ್ ಎಂದು ಒತ್ತಿದರೂ ವಿಂಡೋಸ್ ಪೂರ್ತಿ ಮುಚ್ಚಿರುವುದಿಲ್ಲ. ಅದನ್ನು ಆಫ್ ಮಾಡಿಡಿ.

ಮಿತ್ರರೇ, ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಮಾಡಿದ್ದನ್ನು ದಿನಾಂಕದೊಂದಿಗೆ ಪುಸ್ತಕದಲ್ಲಿ ಬರೆದಿಡಿ. ನಾಲ್ಕು ಬದಲಾವಣೆ ಒಟ್ಟಿಗೆ ಮಾಡಿದರೆ ಸರಿಹೋದರೂ ಯಾವುದರಿಂದ ಎಂದು ತಿಳಿಯುವುದಿಲ್ಲ, ಕೆಟ್ಟರೂ ತಿಳಿಯುವುದಿಲ್ಲ. ಏನು ಮಾಡಿದರೂ ಬಗೆಹರಿಯದಿದ್ದರೆ ಕೆಲಸ ಉಳಿಸಿ ಶಟ್‌ಡೌನ್ ಮಾಡುವುದರಲ್ಲಿ ನಾಚಿಕೆಯೇನಿಲ್ಲ. ಎಸ್‌ಎಸ್‌ಡಿ ಇರುವ ಯಂತ್ರ ಬೇಗನೆ ಮತ್ತೆ ಶುರುವಾಗುತ್ತದೆ. ಕರೆಂಟ್ ಯಾವಾಗ ಹೋಗುತ್ತದೋ ತಿಳಿಯದ ನಮ್ಮ ಊರುಗಳಲ್ಲಿ, ಮಲಗಿಸುವ ಮುನ್ನ ಸೇವ್ ಮಾಡುವ ಅಭ್ಯಾಸವೇ ನಿಮ್ಮ ಓದಿಗೆ ದೊಡ್ಡ ರಕ್ಷಣೆ.

ಹಿಂದೆ ಮುಂದೆ ನೋಡದೆ ಹಣ ಕೊಡುವ ಮೊದಲು "ಯಾವ ಹಂತದಲ್ಲಿ?" ಎಂದು ಕೇಳುವುದನ್ನು ಕಲಿಯಿರಿ. ನಿಮಗೆ ಗೊತ್ತಾದ ಮೇಲೆ ಪಕ್ಕದಲ್ಲಿ ಕೂತವರಿಗೂ ತಿಳಿಸಿಕೊಡಿ.