ರಾಜ್ಯಸಭೆಯಲ್ಲಿ ಅಣ್ಣಾದೊರೈ
(ಚೆನ್ನೈನ ಕನ್ನಡಿಗರ ಸಭೆಯೊಂದರಲ್ಲಿ ಮಾಡಿದ ಭಾಷಣ)



ನಾವು ಬಾಳುತ್ತಿರುವ ಈ ನಗರದಲ್ಲಿ ಸಿ. ಎನ್. ಅಣ್ಣಾದೊರೈ ಅವರ ಹೆಸರನ್ನು ಕೇಳದವರಿಲ್ಲ. ಆದರೆ ಅವರು ರಾಜ್ಯಸಭೆಯಲ್ಲಿ ಆಡಿದ ಮಾತುಗಳನ್ನು ಓದಿದವರು ನಮ್ಮಲ್ಲಿ ವಿರಳ. 1962ರಲ್ಲಿ ಕಾಂಚೀಪುರದ ವಿಧಾನಸಭಾ ಚುನಾವಣೆಯಲ್ಲಿ ಸೋತು ಅವರು ಮೇಲ್ಮನೆಯನ್ನು ಪ್ರವೇಶಿಸಿದರು. ಅಲ್ಲಿ ಅವರು ಎತ್ತಿಕೊಂಡ ವಿಷಯಗಳು ಹಲವು; ಅವುಗಳ ಒಳಗಿದ್ದ ಪ್ರಶ್ನೆ ಒಂದೇ: ಒಕ್ಕೂಟದಲ್ಲಿ ಸಂಖ್ಯಾಬಲವಿಲ್ಲದವರ ಪಾಲು ಯಾವುದು?

ತಮ್ಮ ಮೊದಲ ಭಾಷಣದಲ್ಲಿ ಅವರು ದ್ರಾವಿಡನಾಡಿಗೆ ಸ್ವನಿರ್ಣಯದ ಹಕ್ಕನ್ನು ಕೇಳಿದರು. ಬಂಗಾಳಿ, ಮರಾಠಿ, ಗುಜರಾತಿಗಳ ಮೇಲೆ ತಮಗೆ ದ್ವೇಷವಿಲ್ಲವೆಂದೂ ಸ್ಪಷ್ಟಪಡಿಸಿದರು. ಆ ಕಲ್ಪನೆಯ ನಾಡಿನಲ್ಲಿ ಕನ್ನಡಿಗರೂ ಸೇರಿದ್ದರು. ಆದರೆ 1956ರಲ್ಲಷ್ಟೇ ಒಂದುಗೂಡಿದ್ದ ಕನ್ನಡನಾಡು ಆ ಬೇಡಿಕೆಗೆ ಬೆಂಬಲ ಕೊಡಲಿಲ್ಲ. ನಮ್ಮ ಪರವಾಗಿ ಆಡಿದ ಆ ಮಾತಿಗೆ ನಮ್ಮ ಒಪ್ಪಿಗೆ ಇರಲಿಲ್ಲವೆಂಬುದನ್ನು ಮುಚ್ಚಿಡಬೇಕಾಗಿಲ್ಲ.

ಅದೇ ವರ್ಷ ಚೀನಾ ಯುದ್ಧ ಬಂದಾಗ ಅಣ್ಣಾದೊರೈ ಪ್ರತ್ಯೇಕತೆಯ ಬೇಡಿಕೆಯನ್ನು ಬದಿಗಿಟ್ಟರು. ಆದರೂ 1963ರಲ್ಲಿ ಸಂವಿಧಾನದ 16ನೆಯ ತಿದ್ದುಪಡಿಯನ್ನು ವಿರೋಧಿಸಿದರು. ಸಾರ್ವಭೌಮತ್ವವಿರುವುದು ಜನರಲ್ಲಿ, ನಮ್ಮದು ಒಕ್ಕೂಟದ ವ್ಯವಸ್ಥೆ ಎಂಬುದು ಅವರ ವಾದ. ಅವರ ಪಕ್ಷ ಅದೇ ವರ್ಷ ಆ ಬೇಡಿಕೆಯನ್ನು ಪೂರ್ಣವಾಗಿ ಕೈಬಿಟ್ಟಿತು. ಆದರೆ ಒಕ್ಕೂಟದ ವಾದವನ್ನು ಬಿಡಲಿಲ್ಲ.

ಆಡಳಿತ ಭಾಷಾ ಮಸೂದೆಯ ಚರ್ಚೆ ನಡೆದದ್ದೂ 1963ರಲ್ಲಿಯೇ. 1965ರ ನಂತರ ಇಂಗ್ಲಿಷನ್ನು 'ಮುಂದುವರಿಸಬಹುದು' ಎಂದಿದ್ದ ಮಸೂದೆಯಲ್ಲಿ 'ಮುಂದುವರಿಸತಕ್ಕದ್ದು' ಎಂದಿರಬೇಕೆಂಬುದು ಅವರ ಪಕ್ಷದ ಪಟ್ಟು. ಇಂಗ್ಲಿಷ್ ಉಳಿದರೆ ಅನುಕೂಲ ಅನನುಕೂಲಗಳು ಎಲ್ಲರಿಗೂ ಸಮನಾಗಿ ಹಂಚಿಕೆಯಾಗುತ್ತವೆ ಎಂದು ಅವರು ವಾದಿಸಿದರು. ಒಂದು ಕ್ರಿಯಾಪದದಲ್ಲಿ ಕೋಟ್ಯಂತರ ಜನರ ಉದ್ಯೋಗ, ಗೌರವಗಳು ಅಡಗಿದ್ದವು. 1965ರ ಚಳವಳಿಯಲ್ಲಿ ಪ್ರಾಣಗಳು ಹೋದ ಮೇಲೆಯೇ, 1967ರ ತಿದ್ದುಪಡಿಯಲ್ಲಿ, ಆ ಭರವಸೆಗೆ ಕಾಯಿದೆಯ ಬಲ ಬಂದಿತು.

ಮದ್ರಾಸು ರಾಜ್ಯಕ್ಕೆ ತಮಿಳುನಾಡು ಎಂದು ಹೆಸರಿಡಲು ಭೂಪೇಶ್ ಗುಪ್ತ ತಂದಿದ್ದ ಖಾಸಗಿ ಮಸೂದೆಯನ್ನೂ ಅವರು ಬೆಂಬಲಿಸಿದರು. ಹೆಸರು ಬದಲಿಸಿ ಗಳಿಸುವುದೇನು ಎಂಬ ಪ್ರಶ್ನೆ ಎದ್ದಾಗ, ರಾಜ್ಯಸಭೆ, ರಾಷ್ಟ್ರಪತಿ ಎಂಬ ಹೆಸರುಗಳನ್ನಿಟ್ಟು ನೀವು ಗಳಿಸಿದ್ದೇನು ಎಂದು ಮರುಪ್ರಶ್ನಿಸಿದರು. ಹೊಸ ಹೆಸರು 1969ರ ಜನವರಿಯಲ್ಲಿ ಜಾರಿಗೆ ಬಂದಿತು. ಮುಖ್ಯಮಂತ್ರಿಯಾಗಿದ್ದ ಅವರು ಫೆಬ್ರವರಿ 3ರಂದು ತೀರಿಕೊಂಡರು. ಮೈಸೂರು ರಾಜ್ಯವನ್ನು 1973ರಲ್ಲಿ ಕರ್ನಾಟಕವೆಂದು ಕರೆದ ನಮಗೆ ಆ ಮರುಪ್ರಶ್ನೆಯ ಅರ್ಥವನ್ನು ಯಾರೂ ವಿವರಿಸಬೇಕಾಗಿಲ್ಲ.

ಬಂಧುಗಳೇ, ಈ ಭಾಷಣಗಳನ್ನು ನೆನೆಯುವುದು ಬರಿಯ ಗೌರವಾರ್ಪಣೆಗಾಗಿ ಅಲ್ಲ. 2006ರಲ್ಲಿ ತಮಿಳುನಾಡು ತಮಿಳು ಕಲಿಕೆಯನ್ನು ಶಾಲೆಗಳಲ್ಲಿ ಹಂತಹಂತವಾಗಿ ಕಡ್ಡಾಯಗೊಳಿಸಿತು. ಹೊಸೂರು, ತಾಳವಾಡಿಗಳ ಕನ್ನಡ ಮಕ್ಕಳ ಮುಂದೆ ಅದೇ ಹಳೆಯ ಪ್ರಶ್ನೆ ನಿಂತಿತು. ತಮಿಳನ್ನು ಕಲಿಯುವುದು ಇಲ್ಲಿ ಬಾಳುವವರ ಧರ್ಮ. ತಾಯ್ನುಡಿಯಲ್ಲಿ ಓದಿ ಪರೀಕ್ಷೆ ಬರೆಯುವುದು ಮಕ್ಕಳ ಹಕ್ಕು. ದಿಲ್ಲಿಯಲ್ಲಿ ಅಲ್ಪಸಂಖ್ಯಾತರಿಗಾಗಿ ಅಣ್ಣಾದೊರೈ ಕೇಳಿದ ನ್ಯಾಯವನ್ನೇ ನಾವು ಅವರ ನಾಡಿನಲ್ಲಿ ಕೇಳುತ್ತಿದ್ದೇವೆ. ಕರ್ನಾಟಕದೊಳಗಿನ ತುಳು, ಕೊಡವ, ಉರ್ದು, ತಮಿಳು ಮಾತಿನವರು ನಮ್ಮನ್ನು ಅದನ್ನೇ ಕೇಳಿದಾಗ ನಮ್ಮ ಉತ್ತರವೂ ಬೇರೆಯಾಗಬಾರದು.