ನೆಮ್ಮದಿಯ ಬದುಕು ಯಾರ ಗಳಿಕೆ?

(ಸಿ.ವಿ. ರಾಮನ್ ನಗರದ ಮಾಸಿಕ ಶರಣ ಚಿಂತನಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹರೂಪ)

ಸಂಚಾಲಕರು ಇಂದಿನ ವಿಷಯವನ್ನು ಹೀಗೆ ಕೊಟ್ಟಿದ್ದಾರೆ: ಮಧ್ಯಮವರ್ಗದ ನೆಮ್ಮದಿಯ ಬದುಕು ನಮ್ಮ ಮಕ್ಕಳಿಗೂ ಸಾಧ್ಯವೇ? ನಾನು ಮೂವತ್ತೈದು ವರ್ಷ ಸರ್ಕಾರದ ಕೆಲಸ ಮಾಡಿ ನಿವೃತ್ತನಾದ ಇಂಜಿನಿಯರ್. ಪ್ರವಚನ ಮಾಡಲು ನನಗೆ ಬರುವುದಿಲ್ಲ, ಎಸ್ಟಿಮೇಟು ಹಾಕಲು ಬರುತ್ತದೆ. ಆದ್ದರಿಂದ ಲೆಕ್ಕದಿಂದಲೇ ಶುರು ಮಾಡುತ್ತೇನೆ.

ನಮ್ಮ ವಯಸ್ಸಿನವರು ಸೇರಿದಾಗ ಒಂದು ಮಾತು ತಪ್ಪದೆ ಬರುತ್ತದೆ. 'ನಾವು ಸರಳವಾಗಿ ಬದುಕಿದೆವು, ಮನೆ ಕಟ್ಟಿದೆವು. ಈಗಿನ ಹುಡುಗರು ಊಟವನ್ನೂ ಮೊಬೈಲಿನಲ್ಲೇ ತರಿಸುತ್ತಾರೆ, ಆಮೇಲೆ ದುಡ್ಡು ಸಾಲದು ಅನ್ನುತ್ತಾರೆ.' ಈ ಮಾತನ್ನು ಒರೆಗೆ ಹಚ್ಚೋಣ. ತಿಂಗಳಿಗೆ ಎಂಟು ಸಲ ನಾನೂರು ರೂಪಾಯಿಯ ಊಟ ತರಿಸಿದರು ಎಂದಿಟ್ಟುಕೊಳ್ಳಿ. ತಿಂಗಳಿಗೆ 3,200 ರೂಪಾಯಿ, ಇಪ್ಪತ್ತು ವರ್ಷಕ್ಕೆ 7 ಲಕ್ಷ 68 ಸಾವಿರ. ಅದೇ ದಂಪತಿ ಕಗ್ಗದಾಸಪುರದ ಕಡೆ ಒಂದು ಫ್ಲ್ಯಾಟಿಗೆ 60 ಲಕ್ಷ ಸಾಲ ಮಾಡಿದರು ಅನ್ನಿ. ಶೇಕಡಾ 8.5ರ ಬಡ್ಡಿ, ಇಪ್ಪತ್ತು ವರ್ಷದ ಅವಧಿ. ತಿಂಗಳ ಕಂತು 52 ಸಾವಿರ ದಾಟುತ್ತದೆ, ಒಟ್ಟು ಕಟ್ಟುವುದು ಸುಮಾರು 1 ಕೋಟಿ 25 ಲಕ್ಷ. ಬಡ್ಡಿಯೊಂದೇ 65 ಲಕ್ಷ. ಊಟ ತರಿಸುವುದನ್ನು ಪೂರ್ತಿ ಬಿಟ್ಟರೂ ಆ ಬಡ್ಡಿಯ ಎಂಟನೇ ಒಂದು ಭಾಗವೂ ಉಳಿಯುವುದಿಲ್ಲ. ಹುಡುಗರ ನಾಲಿಗೆಚಪಲದ ಮೇಲೆ ಇಷ್ಟು ದೊಡ್ಡ ಭಾರ ಹೊರಿಸುವುದು ನ್ಯಾಯವಲ್ಲ.

ಹಾಗಾದರೆ ನಮ್ಮ ನೆಮ್ಮದಿ ಎಲ್ಲಿಂದ ಬಂತು? ಸುತ್ತಲೂ ನೋಡಿ. ಹಿಂದೂಸ್ಥಾನ್ ಏರ್‌ಕ್ರಾಫ್ಟ್ 1940ರಲ್ಲಿ, ದೂರವಾಣಿನಗರದ ಐಟಿಐ 1948ರಲ್ಲಿ, ಬಿಇಎಂಎಲ್ 1964ರಲ್ಲಿ ಶುರುವಾದವು. ಬೈಯಪ್ಪನಹಳ್ಳಿಯಲ್ಲಿ ಎನ್‌ಜಿಇಎಫ್ ಇತ್ತು. ನಮ್ಮ ಪಕ್ಕದಲ್ಲೇ ಡಿಆರ್‌ಡಿಓ ಪ್ರಯೋಗಾಲಯಗಳಿವೆ. ಈ ಸಂಸ್ಥೆಗಳು ಸಂಬಳ ಮಾತ್ರ ಕೊಡಲಿಲ್ಲ. ಕ್ವಾರ್ಟರ್ಸು, ಶಾಲೆ, ಆಸ್ಪತ್ರೆ, ಕ್ಯಾಂಟೀನು ಎಲ್ಲವೂ ಉದ್ಯೋಗದ ಜೊತೆಗೇ ಬಂದವು. ಒಬ್ಬ ಫಿಟ್ಟರ್ ಒಂದೇ ಸಂಬಳದಲ್ಲಿ ನಾಲ್ಕು ಮಕ್ಕಳನ್ನು ಓದಿಸಿದ್ದರೆ, ಅವನ ಮಿತವ್ಯಯದ ಹಿಂದೆ ಒಂದು ದೊಡ್ಡ ಅಡಿಪಾಯವಿತ್ತು. ಅಡಿಪಾಯ ನೆಲದೊಳಗಿರುತ್ತದೆ, ಕಾಣುವುದಿಲ್ಲ. ಗೋಡೆ ಮಾತ್ರ ತಾನೇ ನಿಂತಿದ್ದೇನೆ ಎಂದುಕೊಳ್ಳುತ್ತದೆ.

ಈಗ ಎನ್‌ಜಿಇಎಫ್ ಇಲ್ಲ. ಐಟಿಐ ಕುಗ್ಗಿದೆ. ಅದೇ ದಿಕ್ಕಿನಲ್ಲಿ ಬಾಗ್ಮನೆ ಟೆಕ್ ಪಾರ್ಕ್ ಎದ್ದಿದೆ. ಅಲ್ಲಿನ ಸಂಬಳ ನಮ್ಮ ಕಾಲಕ್ಕಿಂತ ಎಷ್ಟೋ ಪಾಲು ಹೆಚ್ಚು, ಸುಳ್ಳಲ್ಲ. ಆದರೆ ಹಿಂದೆ ಹಂಚಿಕೊಂಡು ಪಡೆಯುತ್ತಿದ್ದ ಒಂದೊಂದನ್ನೂ ಈಗ ಮನೆಮನೆಯೂ ಬೇರೆ ಬೇರೆ ಕೊಳ್ಳಬೇಕು.

ನೀರನ್ನೇ ತೆಗೆದುಕೊಳ್ಳಿ. ನಾಲ್ಕು ಜನರ ಸಂಸಾರಕ್ಕೆ, ತಲೆಗೆ ದಿನಕ್ಕೆ 135 ಲೀಟರಿನಂತೆ, ತಿಂಗಳಿಗೆ ಸುಮಾರು 16 ಸಾವಿರ ಲೀಟರು ಬೇಕು. 2024ರ ಬೇಸಿಗೆಯಲ್ಲಿ ಜಾರಿಯಲ್ಲಿದ್ದ ಜಲಮಂಡಳಿಯ ಗೃಹಬಳಕೆ ದರ ಮೊದಲ 8 ಸಾವಿರ ಲೀಟರಿಗೆ ಸಾವಿರಕ್ಕೆ 7 ರೂಪಾಯಿ, ಅದರ ಮೇಲೆ 11 ರೂಪಾಯಿ. ಅಂದರೆ ಇತರ ಶುಲ್ಕ ಬಿಟ್ಟು 144 ರೂಪಾಯಿ. ಅದೇ ಮಾರ್ಚಿನಲ್ಲಿ ಜಿಲ್ಲಾಡಳಿತ ಐದು ಕಿಲೋಮೀಟರಿನೊಳಗೆ 12 ಸಾವಿರ ಲೀಟರಿನ ಟ್ಯಾಂಕರಿಗೆ 1,000 ರೂಪಾಯಿ ಎಂದು ದರ ಕಟ್ಟಿತು. ಆ ದರದಲ್ಲಿ 16 ಸಾವಿರ ಲೀಟರಿಗೆ 1,300 ರೂಪಾಯಿಗೂ ಮೇಲೆ. ಅದೇ ನೀರು, ಒಂಬತ್ತು ಪಟ್ಟು ಬೆಲೆ. ಕೊಳವೆಯಲ್ಲಿ ಬಂದರೆ ಊರಿನ ಸೌಕರ್ಯ, ಲಾರಿಯಲ್ಲಿ ಬಂದರೆ ಮನೆಯ ಖರ್ಚು. ಶಾಲೆ, ಬಸ್ಸು, ಆಸ್ಪತ್ರೆಗಳ ಕಥೆಯೂ ಇದೇ.

ಮುಪ್ಪಿನ ಮಾತೂ ಹಾಗೆಯೇ. ನನಗೆ ನಿಶ್ಚಿತ ಪಿಂಚಣಿ ಇದೆ. 2006ರ ಏಪ್ರಿಲ್ 1ರಿಂದ ರಾಜ್ಯ ಸರ್ಕಾರಕ್ಕೆ ಸೇರಿದವರನ್ನು ಸಾಮಾನ್ಯವಾಗಿ ಹೊಸ ಪಿಂಚಣಿ ಯೋಜನೆಗೆ ಹಾಕಲಾಯಿತು. ಅಲ್ಲಿ ಎಷ್ಟು ಬರುತ್ತದೆಂಬುದು ಮಾರುಕಟ್ಟೆಗೆ ಬಿಟ್ಟದ್ದು. ಭವಿಷ್ಯನಿಧಿಗೆ ಸೇರಿದ 1995ರ ಪಿಂಚಣಿ ಯೋಜನೆಯಲ್ಲಿ 2014ರಲ್ಲಿ ನಿಗದಿಯಾದ ಕನಿಷ್ಠ ಪಿಂಚಣಿ ತಿಂಗಳಿಗೆ 1,000 ರೂಪಾಯಿ. ಇಎಸ್ಐ ಸೌಲಭ್ಯಕ್ಕೆ 2017ರಲ್ಲಿ ಗೊತ್ತುಮಾಡಿದ ಸಂಬಳದ ಮಿತಿ 21 ಸಾವಿರ. ಇಪ್ಪತ್ತೆರಡು ಸಾವಿರದ ಕೆಲಸಕ್ಕೆ ಸೇರಿದ ಹುಡುಗಿಗೆ ಅದೂ ದಕ್ಕದು.

ಅಮೆರಿಕಕ್ಕೆ ಹೋದರೆ ಸರಿಹೋದೀತೇ? ಇಲ್ಲಿ ಕುಳಿತ ಅನೇಕರ ಮಕ್ಕಳು ಅಲ್ಲಿದ್ದಾರೆ, ಚೆನ್ನಾಗಿಯೂ ಇದ್ದಾರೆ. ಆದರೆ ಆ ದೇಶದವರೇ ಇದೇ ಪ್ರಶ್ನೆ ಕೇಳಿಕೊಳ್ಳುತ್ತಿದ್ದಾರೆ. ಪ್ಯೂ ಸಂಶೋಧನಾ ಕೇಂದ್ರದ ಲೆಕ್ಕದಂತೆ 1971ರಲ್ಲಿ ಅಲ್ಲಿನ ವಯಸ್ಕರಲ್ಲಿ ಶೇಕಡಾ 61 ಮಂದಿ ಮಧ್ಯಮ ಆದಾಯದ ಮನೆಗಳಲ್ಲಿದ್ದರು. 2021ರಲ್ಲಿ ಶೇಕಡಾ 50. ಕೆಲವರು ಮೇಲೇರಿದರು, ಕೆಲವರು ಕೆಳಗಿಳಿದರು. ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತು ಸಂಗಡಿಗರು ಇನ್ನೊಂದು ಲೆಕ್ಕ ತೋರಿಸಿದರು: 1940ರಲ್ಲಿ ಹುಟ್ಟಿದವರಲ್ಲಿ ಸುಮಾರು ಶೇಕಡಾ 90 ಮಂದಿ ತಂದೆತಾಯಿಗಿಂತ ಹೆಚ್ಚು ಗಳಿಸಿದರು, 1980ರ ದಶಕದಲ್ಲಿ ಹುಟ್ಟಿದವರಲ್ಲಿ ಅರ್ಧದಷ್ಟು ಮಾತ್ರ. ಅಲ್ಲಿ ದುಡಿಯುವ ಬಹಳ ಮನೆಗಳಿಗೆ ಆರೋಗ್ಯವಿಮೆ ಕೆಲಸದ ಬಾಲಕ್ಕೆ ಕಟ್ಟಿದೆ. ಕೆಲಸ ಹೋದ ದಿನ ಅದೂ ಅಲ್ಲಾಡುತ್ತದೆ. ದೊಡ್ಡ ಸಂಬಳವೊಂದೇ ನೆಮ್ಮದಿ ಕೊಡುವುದಿಲ್ಲವೆಂದು ಶ್ರೀಮಂತ ದೇಶವೂ ಕಲಿಯುತ್ತಿದೆ.

ಇನ್ನು ನಮ್ಮ ಮನೆಯ ಮಾತು. ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ನಾವು 'ಆಸೆ ಬೇಡ' ಎನ್ನಲು ಬಳಸುತ್ತೇವೆ. ಮಾರಯ್ಯ ಹೆಚ್ಚು ಅಕ್ಕಿ ತಂದ, ಆಕೆ ಹಿಂದಿರುಗಿಸಲು ಕಳಿಸಿದಳು. ನನಗೆ ಇನ್ನೊಂದು ಅರ್ಥವೂ ಕಾಣುತ್ತದೆ. ನಾಳೆಯೂ ಕಾಯಕವಿದೆ, ನಾಳೆಯೂ ಅಕ್ಕಿ ಸಿಗುತ್ತದೆ ಎಂಬ ಭರವಸೆ ಆಕೆಗಿತ್ತು. ಆ ಭರವಸೆ ಇದ್ದವರು ಇವತ್ತಿಗೆ ಸಾಕು ಎನ್ನಬಲ್ಲರು. ಯಾವ ಶುಕ್ರವಾರ ಕೆಲಸದಿಂದ ತೆಗೆಯುತ್ತಾರೋ ಎಂದು ಅಂಜುವ ತರುಣನಿಗೆ ನಾವು ಸಾಕು ಎನ್ನು ಎಂದರೆ ಅದು ಉಪದೇಶವಾಗುವುದಿಲ್ಲ, ಹಂಗಿಸಿದಂತಾಗುತ್ತದೆ. ಅವನಲ್ಲಿ ನಮಗೆ ಕಾಣುವ ದುರಾಸೆ ಬಹುಪಾಲು ಭಯ.

ಆ ಭಯವನ್ನು ಒಬ್ಬೊಬ್ಬರೇ ಕಳೆದುಕೊಳ್ಳಲಾಗದು, ಕೂಡಿ ಕಳೆಯಬಹುದು. ನಮ್ಮ ಹಿರಿಯರು ಹಾಗೆ ಮಾಡಿ ತೋರಿಸಿದ್ದಾರೆ. 1916ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ಕೆಎಲ್ಇ ಸಂಸ್ಥೆಗೆ ಬುನಾದಿ ಹಾಕಿದರು. ಸಿದ್ಧಗಂಗೆಯಲ್ಲಿ ಸಾವಿರಾರು ಮಕ್ಕಳಿಗೆ ಅನ್ನ, ಆಸರೆ, ಅಕ್ಷರ ಸಿಕ್ಕಿತು. ಉಚಿತ ಪ್ರಸಾದನಿಲಯದ ಊಟ ಉಂಡು ಅಧಿಕಾರಿಗಳಾದವರು ಈ ಸಭೆಯಲ್ಲೇ ಇದ್ದಾರೆ. ಹಾಗೆ ಉಂಡವರೇ ಇಂದು ಡೊನೇಷನ್ನಿನ ಸೀಟಿಗೆ ಶಿಫಾರಸು ಪತ್ರ ಹಿಡಿದು ಓಡಾಡಿದರೆ ದಾಸೋಹ ಎಂಬ ಮಾತಿಗೆ ಏನು ಅರ್ಥ ಉಳಿಯಿತು?

ಆದ್ದರಿಂದ ಮೂರು ಬೇಡಿಕೆ ಇಡುತ್ತೇನೆ. ಒಂದು, ಹಳ್ಳಿಯಿಂದ ಬೆಂಗಳೂರಿಗೆ ಮೊದಲ ಕೆಲಸಕ್ಕೆ ಬರುವ ಹುಡುಗ ಹುಡುಗಿಯರಿಗೆ, ಜಾತಿ ಕೇಳದೆ, ಎರಡು ವರ್ಷ ಅಗ್ಗದ ವಸತಿನಿಲಯವನ್ನು ಮಠಗಳು ಕಟ್ಟಲಿ. ಹೊಸ ಕಲ್ಯಾಣಮಂಟಪಕ್ಕಿಂತ ಅದು ಮೊದಲಾಗಲಿ. ಎರಡು, ಸಾಲ ಮಾಡಿಸುವ ಮದುವೆಗೆ ನಾವು ಹಿರಿಯರು ಒಪ್ಪದಿರೋಣ. ಇಲ್ಲಿ ಸರಳತೆಯ ಪಾಠ ನಮಗೆ, ಮಕ್ಕಳಿಗಲ್ಲ. ಮೂರು, ಬಡಾವಣೆಯ ಸರ್ಕಾರಿ ಶಾಲೆ, ಬಸ್ಸು, ನೀರಿಗಾಗಿ ಕೂಡಿ ಅರ್ಜಿ ಹಿಡಿದು ಹೋಗೋಣ. 2024ರ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು. ದಿನಕ್ಕೆ 775 ದಶಲಕ್ಷ ಲೀಟರಿನ ಯೋಜನೆ ಅದು. ಅಂಥ ಕೆಲಸ ಯಾವ ಮನೆಯ ಉಳಿತಾಯದಿಂದಲೂ ಆಗುವಂಥದಲ್ಲ.

ಸಂಚಾಲಕರ ಪ್ರಶ್ನೆಗೆ ನನ್ನ ಉತ್ತರ ಇಷ್ಟು: ಒಂಟಿಯಾಗಿ ಕಷ್ಟ, ಕೂಡಿದರೆ ಸಾಧ್ಯ. ನಮಗೆ ಸಿಕ್ಕ ಅಡಿಪಾಯವನ್ನು ಮುಂದಿನವರಿಗೂ ಹಾಕಿಕೊಡುವುದು ನಿವೃತ್ತರಾದ ನಮ್ಮೆಲ್ಲರ ಉಳಿದ ಕಾಯಕ.